ಶ್ಯಾನನ್‌ಬ್ರಿಜ್‌ನ ಕಪ್ಪು ನೆಲಕ್ಕೂ ಚರಿತ್ರೆಯಿದೆ

ಐರ್ಲೆಂಡಿನ ನಡುನಾಡಿನಲ್ಲಿ ಶ್ಯಾನನ್ ನದಿ ಹರಿಯುವುದಕ್ಕಿಂತ ಹರಡಿಕೊಳ್ಳುವುದೇ ಹೆಚ್ಚು. ಚಳಿಗಾಲದಲ್ಲಿ ದಡದ ಹುಲ್ಲುಗಾವಲುಗಳು ಮುಳುಗಿ ಕೆರೆಯಂತಾಗುತ್ತವೆ. ಅಲ್ಲಿನವರು ‘ಕ್ಯಾಲೋ’ ಎಂದು ಕರೆಯುವ ಈ ನೆರೆಬಯಲಿನ ಅಂಚಿನಲ್ಲಿ, ಆಫಲಿ ಕೌಂಟಿಯ ಗಡಿಯಲ್ಲಿ, ಶ್ಯಾನನ್‌ಬ್ರಿಜ್ ಎಂಬ ಪುಟ್ಟ ಹಳ್ಳಿಯಿದೆ. 18ನೇ ಶತಮಾನದ 16 ಕಮಾನುಗಳ ಕಲ್ಲುಸೇತುವೆ ದಾಟಿದರೆ ರಾಸ್‌ಕಾಮನ್ ಕೌಂಟಿ.

ಸೇತುವೆಯ ಆಚೆ ತುದಿಗೆ ಒಂದು ಕೋಟೆ. 1798ರಲ್ಲಿ ಫ್ರೆಂಚ್ ಸೇನೆ ಪಶ್ಚಿಮದ ಮೇಯೋ ತೀರದಲ್ಲಿಳಿದು ಶ್ಯಾನನ್ ದಾಟಿ ಬಂದು ಸೋತಿತ್ತು. ನೆಪೋಲಿಯನ್ ಮತ್ತೆ ಅದೇ ದಿಕ್ಕಿನಿಂದ ಬಂದಾನೆಂದು ಬ್ರಿಟಿಷರು ಈ ಗೋಡೆಗಳನ್ನು ಎಬ್ಬಿಸಿದರು. ಅವನ ಸೈನ್ಯ ಬರಲೇ ಇಲ್ಲ.

ನದಿಯ ಮೇಲ್ದಿಕ್ಕಿಗೆ ಕೆಲವೇ ಕಿಲೋಮೀಟರು ಹೋದರೆ ಕ್ಲಾನ್‌ಮಕ್‌ನಾಯ್ಸ್. ಸಂತ ಕೀರನ್ 6ನೇ ಶತಮಾನದಲ್ಲಿ ಮಠ ಕಟ್ಟಲು ಈ ಜಾಗವನ್ನು ಆರಿಸಿದ್ದರ ಹಿಂದೆ ಒಳ್ಳೆಯ ಲೆಕ್ಕವಿತ್ತು. ತೆಂಕು ಬಡಗಾಗಿ ನದಿಯೇ ದಾರಿ. ಮೂಡಣ ಪಡುವಣಕ್ಕೆ, ಹಿಮನದಿಗಳು ಬಿಟ್ಟುಹೋದ ಮರಳು ಜಲ್ಲಿಯ ದಿಣ್ಣೆ. ಸುತ್ತಲೂ ಕಾಲಿಟ್ಟರೆ ಹೂಳುವ ಜೌಗು ಇರುವಾಗ ಆ ದಿಣ್ಣೆಯೇ ಹೆದ್ದಾರಿ. ಐರಿಷ್ ಭಾಷೆಯ ಕಥೆಗಳ ಅತಿ ಹಳೆಯ ಹಸ್ತಪ್ರತಿಗಳಲ್ಲೊಂದು ಈ ಮಠದೊಂದಿಗೆ ಬೆಸೆದುಕೊಂಡಿದೆ. ಕೀರನ್‌ನ ಕಂದು ಹಸುವಿನ ಚರ್ಮದ ಮೇಲೆ ಅದನ್ನು ಬರೆದರೆಂಬ ಐತಿಹ್ಯದಿಂದ ಅದಕ್ಕೆ ಹಸುವಿನ ಹೆಸರೇ ನಿಂತಿದೆ.

ಪಾರಂಪರ್ಯ ಎಂದಾಗ ಕಣ್ಣು ಹೋಗುವುದು ಈ ಕಲ್ಲುಗಳ ಕಡೆಗೆ. ಆದರೆ ಊರಿನ ಬದುಕನ್ನು ಹೊತ್ತದ್ದು ಆ ಜೌಗು ನೆಲ. ಸಾವಿರಾರು ವರ್ಷ ನೀರಿನಲ್ಲಿ ಪೂರ್ತಿ ಕೊಳೆಯದೆ ಉಳಿದ ಪಾಚಿ, ಗಿಡಗಳ ಪದರವೇ ಪೀಟ್. ಒಣಗಿಸಿದರೆ ಅದು ಸೌದೆಯಂತೆ ಉರಿಯುತ್ತದೆ. 1946ರಲ್ಲಿ ಹುಟ್ಟಿದ ಸರ್ಕಾರಿ ಸಂಸ್ಥೆ ಬೋರ್ಡ್ ನ ಮೋನ ಅದನ್ನು ಯಂತ್ರಗಳಿಂದ ಕೆರೆದು, ಕಿರುಹಳಿಯ ರೈಲಿನಲ್ಲಿ ಶ್ಯಾನನ್‌ಬ್ರಿಜ್‌ನ ವಿದ್ಯುತ್ ಸ್ಥಾವರಕ್ಕೆ ಸಾಗಿಸಿತು. ಊರಿನ ಒಲೆಗಳು ಆ ಸಂಬಳದಿಂದ ಉರಿದವು.

2020ರ ಡಿಸೆಂಬರಿನಲ್ಲಿ ಸ್ಥಾವರ ಮುಚ್ಚಿತು. ಪೀಟ್ ತೆಗೆಯುವುದನ್ನು ಕೊನೆಗೊಳಿಸಿರುವುದಾಗಿ ಮರು ತಿಂಗಳು ಸಂಸ್ಥೆ ಸಾರಿತು. ನಿರ್ಧಾರ ಸರಿಯಾದದ್ದೇ. ಅಷ್ಟೇ ಶಾಖಕ್ಕೆ ಪೀಟ್ ಕಲ್ಲಿದ್ದಲಿಗಿಂತ ಹೆಚ್ಚು ಇಂಗಾಲ ಉಗುಳುತ್ತದೆ. ವರ್ಷಕ್ಕೆ ಸುಮಾರು ಒಂದು ಮಿಲಿಮೀಟರು ಬೆಳೆಯುವ ನೆಲವನ್ನು ಯಂತ್ರ ಗಳಿಗೆಯಲ್ಲಿ ಕೆರೆದು ಹಾಕುತ್ತದೆ. ಆದರೆ ಆ ಕೆಲಸದೊಂದಿಗೆ ಅದರ ನೆನಪನ್ನೂ ಹೂಳಬೇಕಾಗಿಲ್ಲ.

ಇದಕ್ಕೆ ಉದಾಹರಣೆ ಇದೇ ನಡುನಾಡಿನ ಲಾಂಗ್‌ಫರ್ಡ್ ಕೌಂಟಿಯಲ್ಲಿದೆ. ಕಾರ್ಲೀ ಎಂಬಲ್ಲಿ ಪೀಟ್ ತೆಗೆಯುತ್ತಿದ್ದಾಗ ಓಕ್ ಹಲಗೆಗಳ ರಸ್ತೆಯೊಂದು ಹೊರಬಂತು. ಮರದ ಉಂಗುರಗಳನ್ನು ಎಣಿಸಿ, ಅದಕ್ಕೆ ಮರ ಕಡಿದದ್ದು ಕ್ರಿ.ಪೂ. 148ರ ಸುಮಾರಿಗೆ ಎಂದು ತಜ್ಞರು ಹೇಳಿದರು. ಈಗ ಹಲಗೆಗಳ ಒಂದು ಭಾಗಕ್ಕೆ ಸೂರು ಕಟ್ಟಿ, ಹದವರಿತು ತೇವ ಕಾಯ್ದು ಕಾಪಾಡುತ್ತಿದ್ದಾರೆ.

ಶ್ಯಾನನ್‌ಬ್ರಿಜ್‌ನ ಕಿರುಹಳಿ, ಅದರ ಎಂಜಿನ್ನು, ಪೀಟ್ ಕಡಿಯುವ ‘ಸ್ಲಾನ್’ ಗುದ್ದಲಿ, ಮಳೆ ನೋಡಿ ಕೊಯ್ಲಿನ ದಿನ ನಿಶ್ಚಯಿಸುತ್ತಿದ್ದವರ ಮಾತು, ಇವಕ್ಕೂ ಅದೇ ಕಾಳಜಿ ಸಲ್ಲಬೇಕು. ಕಾರ್ಲೀಯ ರಸ್ತೆ ಹಾಸಿದವರ ಹೆಸರು ಯಾರಿಗೂ ತಿಳಿಯದು. ಕಿರುಹಳಿ ಹಾಸಿ ರೈಲು ಓಡಿಸಿದವರು ಇನ್ನೂ ಅದೇ ಬೀದಿಯಲ್ಲಿ ಓಡಾಡುತ್ತಿದ್ದಾರೆ. ಅವರ ಮಾತಿನ ದಾಖಲೆ ಈ ಚಳಿಗಾಲದಲ್ಲೇ ಶುರುವಾಗಬಹುದು.