ಒಸಾಕಾದ ಬಾಗಿಲು ತೆರೆಯುವ ಕೈ ಯಾರದು?

ಜಪಾನಿಗೆ ಹೋಗಿ ಬಂದ ಮಂತ್ರಿಗಳಿಗೂ ಮಹಾಶಯರಿಗೂ ನಮ್ಮ ದೇಶದಲ್ಲಿ ಬರವಿಲ್ಲ. ಬಂದವರೆಲ್ಲ ಓದುವುದು ಒಂದೇ ಪುರಾಣ. ಅಲ್ಲಿ ರೈಲು ನಿಮಿಷ ತಪ್ಪುವುದಿಲ್ಲ. ಟ್ಯಾಕ್ಸಿಯ ಬಳಿ ನಿಂತರೆ ಬಾಗಿಲು ತಾನಾಗಿ ತೆರೆಯುತ್ತದೆ. ಚಾಲಕ ಭಕ್ಷೀಸು ಬಯಸುವುದಿಲ್ಲ. ಪುರಾಣದ ಕೊನೆಗೆ ಫಲಶ್ರುತಿ: ‘ಇದೆಲ್ಲ ಖಾಸಗಿಯವರ ದಕ್ಷತೆ, ಕೆಲಸಗಾರರ ಶಿಸ್ತು. ನಾವೂ ಬಸ್ಸು ರೈಲುಗಳನ್ನು ಕಂಪನಿಗಳಿಗೆ ಒಪ್ಪಿಸಿ, ಸಂಘಗಳ ಬಾಯಿ ಮುಚ್ಚಿಸಿದರೆ ಉದ್ಧಾರವಾಗುತ್ತೇವೆ.’

ಈ ಮಾತನ್ನು ಒರೆಗೆ ಹಚ್ಚಿ ನೋಡೋಣ. ಒಸಾಕಾ ನಗರವನ್ನೇ ತೆಗೆದುಕೊಳ್ಳೋಣ. ನಮ್ಮ ಗಿರಣಿ ಬಂಧುಗಳಿಗೆ ಅದು ತೀರ ಪರಕೀಯವಾದ ಊರಲ್ಲ. 1883ರಲ್ಲಿ ಅಲ್ಲಿ ದೊಡ್ಡ ನೂಲಿನ ಗಿರಣಿ ಆರಂಭವಾಯಿತು. ಕೆಲವೇ ವರ್ಷಗಳಲ್ಲಿ ವಿದ್ಯುದ್ದೀಪ ಹಚ್ಚಿ ರಾತ್ರಿ ಪಾಳಿಯನ್ನೂ ನಡೆಸಿದರು. ಅಲ್ಲಿಯ ಗಿರಣಿಗಳಿಗೆ ಮುಂಬಯಿ ಬಂದರಿನಿಂದ ನಮ್ಮ ದೇಶದ ಹತ್ತಿ ಹೋಗುತ್ತಿತ್ತು.

ಮೊದಲು ಆ ಬಾಗಿಲಿನ ವಿಷಯ. ಅದು ತಾನಾಗಿ ತೆರೆಯುವುದಿಲ್ಲ. ಚಾಲಕ ಕುಳಿತಲ್ಲಿಂದಲೇ ಹಿಡಿಕೆ ಎಳೆಯುತ್ತಾನೆ, ಹಿಂದಿನ ಬಾಗಿಲು ತೆರೆಯುತ್ತದೆ. ಹಿಂದೆ ಕುಳಿತ ಮಹಾಶಯರಿಗೆ ಆ ಕೈ ಕಾಣಲಿಲ್ಲ. ಕಾಣದ್ದನ್ನು ಅವರು ಖಾಸಗಿ ದಕ್ಷತೆ ಎಂದು ಕರೆದರು!

ಆ ಕೈಗೆ ಸಿಗುವ ಕೂಲಿ ಎಂಥದು? ಬಹುಪಾಲು ಕಂಪನಿಗಳಲ್ಲಿ ಅದು ವಸೂಲಿಯ ಮೇಲಿನ ಪಾಲು. ಅನೇಕರ ಪಾಳಿ ಬೆಳಿಗ್ಗೆ ಆರಂಭವಾದರೆ ಮುಗಿಯುವುದು ಮಾರನೆಯ ನಸುಕಿನಲ್ಲಿ. ನಡುರಾತ್ರಿಯ ಹೊತ್ತಿಗೆ ರೈಲುಗಳು ನಿಲ್ಲುತ್ತವೆ. ಆಮೇಲೆ ಮನೆ ಸೇರಬೇಕಾದವನಿಗೆ ಟ್ಯಾಕ್ಸಿಯೇ ಗತಿ. ರಾತ್ರಿ 10ರಿಂದ ಬೆಳಗಿನ 5ರ ವರೆಗೆ ನೂರಕ್ಕೆ ಇಪ್ಪತ್ತು ಹೆಚ್ಚು ಬಾಡಿಗೆ. ಚಾಲಕನ ಹೊಟ್ಟೆ ತುಂಬುವುದು ಆ ನಿದ್ದೆಗೆಟ್ಟ ಹೊತ್ತಿನಿಂದಲೇ.

ವಸೂಲಿಯ ಗುರಿಯನ್ನು ಚಾಲಕನ ಬೆನ್ನಿಗೆ ಕಟ್ಟಿದರೆ ಏನಾಗುತ್ತದೆಂದು ಜಪಾನು 1950ರ ದಶಕದಲ್ಲೇ ಕಂಡಿತ್ತು. ಟೋಕಿಯೋದಲ್ಲಿ ಪ್ರಾಣದ ಹಂಗು ತೊರೆದು ಓಡುವ ಟ್ಯಾಕ್ಸಿಗಳಿಗೆ ಜನ ‘ಕಾಮಿಕಾಜೆ’ ಎಂದು ಹೆಸರಿಟ್ಟರು. 1958ರಲ್ಲಿ ಅದು ದೇಶದ ಪ್ರಶ್ನೆಯಾಯಿತು. ಮರುವರ್ಷದ ಡಿಸೆಂಬರಿನಲ್ಲಿ ಸರಕಾರ 173 ಅನುಭವಿ ಚಾಲಕರಿಗೆ ಸ್ವಂತ ಬಂಡಿ ಓಡಿಸುವ ಪರವಾನಗಿ ಕೊಟ್ಟಿತು. ಧಣಿಯಿಲ್ಲದ ಚಾಲಕನಿಗೆ ಹುಚ್ಚು ಓಟದ ಅಗತ್ಯವೇನಿದೆ? ಸಣ್ಣ ವ್ಯಾಪಾರಿ ಬಂಧುಗಳು ಇದನ್ನು ಗಮನಿಸಬೇಕು.

ಆದರೆ 2002ರಲ್ಲಿ ಮತ್ತೆ ಪೈಪೋಟಿಯ ಭಜನೆ ಮೊದಲಾಯಿತು. ಟ್ಯಾಕ್ಸಿಗಳ ಸಂಖ್ಯೆಯ ಮೇಲಿದ್ದ ಹತೋಟಿಯನ್ನು ಸಡಿಲಿಸಿದರು. ಒಸಾಕಾದಲ್ಲಿ ಬಾಡಿಗೆಯ ಯುದ್ಧವೇ ನಡೆಯಿತು. 500 ಯೆನ್ನಿನ ಒಂದು ನಾಣ್ಯಕ್ಕೆ ಸವಾರಿ ಆರಂಭಿಸುವ ಬಂಡಿಗಳು ಬಂದವು. ಬಾಡಿಗೆ 5,000 ಯೆನ್ ದಾಟಿದರೆ ಮಿಕ್ಕದ್ದಕ್ಕೆ ಅರ್ಧ ದರ ಎಂದು ಕೆಲವರು ಸಾರಿದರು. ಗಿರಾಕಿಗೆ ಅಗ್ಗವಾಯಿತಲ್ಲ ಎನ್ನುವಿರೇ? ಶಾಲೆಯ ಮಕ್ಕಳೂ ಮಾಡಬಲ್ಲ ಲೆಕ್ಕವೊಂದನ್ನು ಮಾಡಿ. ಒಂದು ಊರಿನಲ್ಲಿ ದಿನಕ್ಕೆ ನೂರು ಸವಾರಿ, ಹತ್ತು ಬಂಡಿ ಎಂದಿಟ್ಟುಕೊಳ್ಳಿ. ಬಂಡಿಗೆ ಹತ್ತು ಸವಾರಿ. ಎಲ್ಲ ಧಣಿಗಳೂ ಬಂಡಿಗಳನ್ನು ಇಮ್ಮಡಿ ಮಾಡಿದರೆ ಬಂಡಿಗೆ ಐದೇ ಸವಾರಿ. ಧಣಿಯ ಒಟ್ಟು ವಸೂಲಿ ಹಿಂದಿನಷ್ಟೇ ಉಳಿಯಿತು. ಅರ್ಧಕ್ಕೆ ಇಳಿದದ್ದು ಚಾಲಕನ ಕೂಲಿ! ಗಿರಾಕಿಗೆ ಸಿಕ್ಕ ರಿಯಾಯಿತಿ ಧಣಿಯ ಪೆಟ್ಟಿಗೆಯಿಂದ ಬಂದದ್ದಲ್ಲ, ಚಾಲಕನ ಮಕ್ಕಳ ತಟ್ಟೆಯಿಂದ ಬಂದದ್ದು. ಕೊನೆಗೆ 2009ರಲ್ಲಿ ಒಮ್ಮೆ, 2014ರಲ್ಲಿ ಇನ್ನೊಮ್ಮೆ, ಅದೇ ಸರಕಾರ ಕಾನೂನು ತಂದು ಹತೋಟಿಯನ್ನು ಮರಳಿ ಹೇರಬೇಕಾಯಿತು. ಈ ಭಾಗವನ್ನು ಪುರಾಣಿಕರು ಓದುವುದೇ ಇಲ್ಲ.

ಇನ್ನು ನೆಲದೊಳಗಿನ ರೈಲು. ಒಸಾಕಾದ ಮೊದಲ ಸುರಂಗ ರೈಲು 1933ರ ಮೇ 20ರಂದು ಉಮೆದಾದಿಂದ ಶಿನ್ಸಾಯಿಬಾಶಿಗೆ ಓಡಿತು. ಕಟ್ಟಿದವರು ಯಾರು? ಕಂಪನಿಯಲ್ಲ, ನಗರಸಭೆ. ಮೇಯರ್ ಸೆಕಿ ಹಾಜಿಮೆ ಸಾಮಾಜಿಕ ನೀತಿಯನ್ನು ಬೋಧಿಸುತ್ತಿದ್ದ ಮೇಷ್ಟರು. ಒಂದೇ ಡಬ್ಬಿಯ ರೈಲು ಓಡುತ್ತಿದ್ದ ಕಾಲಕ್ಕೇ ಅವರು ಉದ್ದನೆಯ ರೈಲುಗಳಿಗೆ ಸಾಕಾಗುವ ನಿಲ್ದಾಣಗಳನ್ನು ಕಟ್ಟಿಸಿದರು. ಇಂದು ಅಲ್ಲಿ ಹತ್ತು ಡಬ್ಬಿಯ ರೈಲು ನಿಲ್ಲುತ್ತದೆ. ಅಗೆಯುವ ಕೆಲಸ ನಿರುದ್ಯೋಗಿಗಳಿಗೆ ಕೂಲಿಯಾಯಿತು. ಖರ್ಚಿನ ಒಂದು ಪಾಲನ್ನು ದಾರಿಯ ಅಕ್ಕಪಕ್ಕದ ಭೂಮಾಲೀಕರಿಂದ ವಸೂಲು ಮಾಡಿದರು. ರೈಲು ಬಂದರೆ ಯಾರ ನೆಲದ ಬೆಲೆ ಏರುತ್ತದೆಯೋ ಅವರೇ ಕೊಡಲಿ ಎಂಬ ನ್ಯಾಯ! ಅದನ್ನು ಕಂಪನಿಯಾಗಿ ಮಾಡಿದ್ದು 85 ವರ್ಷಗಳ ಮೇಲೆ, 2018ರಲ್ಲಿ; ಆಗಲೂ ಷೇರುಗಳನ್ನೆಲ್ಲ ನಗರವೇ ಇಟ್ಟುಕೊಂಡಿತು. ಊರಿನವರು ತೋಡಿದ ಬಾವಿಗೆ ಹೊಸ ಫಲಕ ತೂಗುಹಾಕಿ, ನೀರು ಫಲಕದಿಂದ ಬಂತು ಎಂದರೆ ನಂಬಬೇಕೆ?

‘ಹಾಂಕ್ಯೂ ಖಾಸಗಿ ರೈಲಲ್ಲವೇ, ಅದು ಗೆಲ್ಲಲಿಲ್ಲವೇ?’ ಎಂದು ಕೇಳುವವರಿದ್ದಾರೆ. ಗೆದ್ದಿತು, ನಿಜ. ಹೇಗೆಂಬುದನ್ನೂ ಕೇಳಿ. 1910ರಲ್ಲಿ ಹೊಲಗದ್ದೆಗಳ ನಡುವೆ ಹಳಿ ಹಾಕಿ, ಹಳಿಯ ಬದಿಯ ನೆಲವನ್ನು ನಿವೇಶನ ಮಾಡಿ ಮಾರಿದರು. 1929ರಲ್ಲಿ ಉಮೆದಾ ನಿಲ್ದಾಣದಲ್ಲೇ ದೊಡ್ಡ ಮಳಿಗೆ ತೆರೆದರು. ಟಿಕೇಟಿನ ಜೊತೆಗೆ ನೆಲದ ಏರಿದ ಬೆಲೆ, ಪ್ರಯಾಣಿಕನ ಜೇಬು, ಎರಡೂ ಒಬ್ಬನೇ ಧಣಿಯ ಪಾಲಾಯಿತು. ಇಂಥ ದೊಡ್ಡ ಮಳಿಗೆಗಳ ವಿರುದ್ಧ ಜಪಾನಿನ ಸಣ್ಣ ಅಂಗಡಿಕಾರರು ಚಳವಳಿ ಹೂಡಿ, 1937ರಲ್ಲಿ ಕಡಿವಾಣದ ಕಾನೂನನ್ನೇ ತರಿಸಿದರು.

ನಿಮಿಷ ತಪ್ಪದ ರೈಲಿನ ಬೆಲೆಯನ್ನೂ ನೋಡಿ. 1987ರಲ್ಲಿ ಪ್ರಧಾನಿ ನಕಸೋನೆ ರಾಷ್ಟ್ರೀಯ ರೈಲ್ವೆಯನ್ನು ಒಡೆದು ಕಂಪನಿಗಳಾಗಿ ಹಂಚಿದರು. 1990ರಲ್ಲಿ 1,047 ಕೆಲಸಗಾರರು ಬೀದಿಗೆ ಬಿದ್ದರು. ಹೆಚ್ಚಿನವರು ಕೊಕುರೋ ಸಂಘದವರು. ಅವರ ಹೋರಾಟ 2010ರ ರಾಜಿಯವರೆಗೆ ನಡೆಯಿತು. ಹಳೆಯ ಸಾಲದ ಬಹುಪಾಲು ಪ್ರಜೆಗಳ ಖಜಾನೆಯ ತಲೆಗೆ, ಲಾಭದ ಹಳಿಗಳು ಕಂಪನಿಯ ಕೈಗೆ!

ಒಸಾಕಾ ಸುತ್ತಿನಲ್ಲಿ ಹೊಸ ಕಂಪನಿ ಖಾಸಗಿ ಹಳಿಗಳೊಡನೆ ಪೈಪೋಟಿಗಿಳಿಯಿತು. ವೇಳಾಪಟ್ಟಿಯಲ್ಲಿ ಉಸಿರಾಡುವಷ್ಟೂ ಬಿಡುವು ಉಳಿಯಲಿಲ್ಲ. ತಡಮಾಡಿದ ಚಾಲಕನನ್ನು ‘ಮರುಶಿಕ್ಷಣ’ದ ಹೆಸರಿನಲ್ಲಿ ಕೂರಿಸಿ, ಪಶ್ಚಾತ್ತಾಪ ಪತ್ರ ಬರೆಸಿ ಅವಮಾನಿಸುತ್ತಿದ್ದರು. 2005ರ ಏಪ್ರಿಲ್ 25ರಂದು, ಒಸಾಕಾದ ನೆರೆಯ ಅಮಗಸಾಕಿಯ ಬಳಿ, 23 ವರ್ಷದ ಚಾಲಕನೊಬ್ಬ ಒಂದೂವರೆ ನಿಮಿಷಕ್ಕಿಂತ ಕಡಿಮೆಯ ವಿಳಂಬವನ್ನು ಹೊತ್ತು ಓಡುತ್ತಿದ್ದ. ಅಂಥ ಶಿಕ್ಷೆಯನ್ನು ಮೊದಲೇ ಉಂಡವನು. ಗಂಟೆಗೆ 70 ಕಿಲೋಮೀಟರಿನ ತಿರುವಿಗೆ ರೈಲು 116ರ ವೇಗದಲ್ಲಿ ನುಗ್ಗಿ, ಹಳಿ ತಪ್ಪಿ, ವಸತಿ ಕಟ್ಟಡಕ್ಕೆ ಅಪ್ಪಳಿಸಿತು. ಅವನೂ ಸೇರಿ 107 ಜನ ಸತ್ತರು. ಕಂಪನಿಯ ಮಾಜಿ ಅಧ್ಯಕ್ಷರೆಲ್ಲ ನ್ಯಾಯಾಲಯದಲ್ಲಿ ನಿರ್ದೋಷಿಗಳಾದರು. ಶಿಸ್ತಿನ ಪಾಠ ಹೇಳುವವರು ಈ 107ನ್ನೂ ಲೆಕ್ಕಕ್ಕೆ ಹಿಡಿಯಲಿ.

ಹಾಗಾದರೆ ಜಪಾನಿನಿಂದ ಕಲಿಯಬೇಕಾದದ್ದು ಏನೂ ಇಲ್ಲವೆ? ಇದೆ. ಅಲ್ಲಿನ ಬಹುಪಾಲು ಕಂಪನಿಗಳು ಕೆಲಸಗಾರನ ರೈಲು ಬಸ್ಸಿನ ಪಾಸಿನ ಹಣವನ್ನು ಭತ್ಯವಾಗಿ ಕೊಡುತ್ತವೆ. ಮಿತಿಯೊಳಗೆ ಅದಕ್ಕೆ ತೆರಿಗೆಯಿಲ್ಲ. ಗುತ್ತಿಗೆಯವನೆಂಬ ಕಾರಣಕ್ಕೆ ಈ ಭತ್ಯವನ್ನು ಕಡಿಮೆ ಕೊಡುವುದು ನ್ಯಾಯವಲ್ಲವೆಂದು ಒಬ್ಬ ಲಾರಿ ಚಾಲಕನ ಮೊಕದ್ದಮೆಯಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ತೀರ್ಪು ಕೊಟ್ಟಿತು. ಬೆಂಗಳೂರಿನ ಮೆಟ್ರೋಗೆ ಜಪಾನಿನ ಸಾಲ ತಂದವರು ಈ ಪದ್ಧತಿಯನ್ನೇಕೆ ತರಲಿಲ್ಲ? 2025ರ ಫೆಬ್ರವರಿಯಲ್ಲಿ ಅದರ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಹಾರಿತು. ಹಳಿಯ ಬದಿಯ ನೆಲದಿಂದ ಕೋಟಿ ಗಳಿಸಿದವರ ಮೇಲೆ ಬೀಳಬೇಕಾದ ಭಾರ ದಿನಗೂಲಿಯವನ ಮೇಲೆ ಬಿತ್ತು.

ಆದುದರಿಂದ ನಮ್ಮ ಬೇಡಿಕೆ ಮೂರು. ಕಾಯಂ ಆಗಲಿ ಗುತ್ತಿಗೆಯಾಗಲಿ, ಪ್ರತಿಯೊಬ್ಬ ಕೆಲಸಗಾರನ ಪಾಸಿನ ಹಣವನ್ನು ಮಾಲೀಕ ಕೊಡಬೇಕು. ಹೊಸ ದಾರಿ, ಹೊಸ ಹಳಿಯಿಂದ ಏರಿದ ನೆಲದ ಬೆಲೆಯಲ್ಲಿ ಊರಿಗೆ ಪಾಲು ಸಲ್ಲಬೇಕು. ಟ್ಯಾಕ್ಸಿ, ಬಸ್ಸು ಓಡಿಸುವವನಿಗೆ ವಸೂಲಿಯ ಗುರಿಯ ಬದಲು ನಿಗದಿಯಾದ ಕೂಲಿ, ನಿಗದಿಯಾದ ಹೊತ್ತು ಇರಬೇಕು. ಗಿರಣಿಯ ಬಾಗಿಲಲ್ಲಿ, ಪೇಟೆಯ ಕಟ್ಟೆಯಲ್ಲಿ ಈ ಮೂರನ್ನೂ ಚರ್ಚಿಸಿರಿ. ಮುಂದಿನ ಸಲ ಮತ ಕೇಳಲು ಬಂದವರ ಮುಂದೆ ಇಡಿರಿ. ಬಾಗಿಲು ತಾನಾಗಿ ತೆರೆಯುವುದಿಲ್ಲ ಬಂಧುಗಳೇ, ಒಸಾಕಾದಲ್ಲೂ ಇಲ್ಲ, ಇಲ್ಲಿಯೂ ಇಲ್ಲ.