ಚಳಿಜ್ವರವನ್ನು ಮೈ ಮರೆತೀತು, ಊರು ಮರೆಯಬಾರದು

ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದ್ದರೂ ಕನ್ನಡವೇ ಮನೆಮಾತಾಗಿ ಉಳಿದ ಸೀಮೆ ತಾಳವಾಡಿ. ವರನಟ ರಾಜಕುಮಾರರ ಗಾಜನೂರು ಅಲ್ಲಿಯದೇ. ಸತ್ಯಮಂಗಲದ ಕಡೆಯಿಂದ ದಿಂಬಂ ಘಾಟಿಯ 27 ತಿರುವುಗಳನ್ನು ಏರಿ ತಲುಪಬೇಕಾದ ಈ ಬೆಟ್ಟಸೀಮೆಯ ಕಾಡುಗಳು ಒಂದು ಕಾಲಕ್ಕೆ ಚಳಿಜ್ವರಕ್ಕೆ ಹೆಸರಾಗಿದ್ದವು. "ನನಗೆ ಒಮ್ಮೆ ಬಂದು ಹೋಗಿದೆ, ಇನ್ನು ಬಾರದು" ಎಂದು ಹಿರಿಯರು ಹೇಳುವುದು ಅಂಥ ಊರುಗಳಲ್ಲೂ ಉಂಟು, ನಮ್ಮಲ್ಲೂ ಉಂಟು. ಈ ಧೈರ್ಯಕ್ಕೆ ಆಧಾರವಿದೆಯೇ?

ದಡಾರ ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವಮಾನವಿಡೀ ಮತ್ತೆ ಬಾರದು. ಮಲೇರಿಯಾದ ರೀತಿ ಬೇರೆ. ಅದರ ರೋಗಾಣು ತನ್ನ ಹೊರರೂಪವನ್ನು ಬದಲಿಸುತ್ತಲೇ ಇರುತ್ತದೆ. ಹಲವು ಸಲ ಜ್ವರ ಬಂದ ಮೇಲೆಯೇ ದೇಹಕ್ಕೆ ತಕ್ಕಮಟ್ಟಿನ ನಿರೋಧಶಕ್ತಿ ಬರುತ್ತದೆ. ಅದೂ ಜ್ವರದ ಉಗ್ರತೆಯನ್ನು ತಗ್ಗಿಸುತ್ತದೆಯೇ ಹೊರತು ರೋಗವನ್ನು ಪೂರ್ತಿ ತಡೆಯುವುದಿಲ್ಲ. ಸೋಂಕು ನಿಂತರೆ ರಕ್ತದಲ್ಲಿನ ಪ್ರತಿಕಾಯಗಳು ಕೆಲವು ತಿಂಗಳುಗಳಲ್ಲಿ, ಇಲ್ಲವೆ ಕೆಲವು ವರ್ಷಗಳಲ್ಲಿ ಇಳಿದುಹೋಗುತ್ತವೆ. ನೆನಪಿನ ಕಣಗಳು ಮಾತ್ರ ಹೆಚ್ಚು ಕಾಲ ಉಳಿಯುತ್ತವೆ. ಮಡಗಾಸ್ಕರ್ ದ್ವೀಪದ ಎತ್ತರದ ಪ್ರದೇಶದಲ್ಲಿ ದಶಕಗಳ ಬಿಡುವಿನ ಬಳಿಕ 1980ರ ದಶಕದಲ್ಲಿ ಮಲೇರಿಯಾ ಮರುಕಳಿಸಿದಾಗ, ಹಿಂದೆ ಅದನ್ನು ಕಂಡಿದ್ದ ಹಿರಿಯರಲ್ಲಿ ಸೋಂಕು ಕಡಮೆಯಿತ್ತು. ಆದರೆ ಅದನ್ನು ಎಂದೂ ಕಾಣದ ಕಿರಿಯರಿಗೆ ಆ ರಕ್ಷಣೆ ಇರಲಿಲ್ಲ.

ಇಲ್ಲಿಯೇ ವಿಪರ್ಯಾಸ. ರೋಗವನ್ನು ಓಡಿಸಿದ ಊರಿನಲ್ಲಿಯೇ ನಿರೋಧಶಕ್ತಿ ತೆಳುವಾಗುತ್ತದೆ. ಭಾರತದಲ್ಲಿ 1953ರಲ್ಲಿ ಆರಂಭವಾದ ನಿಯಂತ್ರಣ ಯೋಜನೆಯ ಫಲವಾಗಿ 1965ರ ಹೊತ್ತಿಗೆ ಪ್ರಕರಣಗಳು ಸುಮಾರು 1 ಲಕ್ಷಕ್ಕೆ ಇಳಿದಿದ್ದವು. 1976ರಲ್ಲಿ ಅವು 64 ಲಕ್ಷ ದಾಟಿದವು. ಡಿ.ಡಿ.ಟಿ.ಗೆ ಬಗ್ಗದ ಸೊಳ್ಳೆಗಳು, ಸಡಿಲವಾದ ಕಾವಲು ಇದಕ್ಕೆ ಮುಖ್ಯ ಕಾರಣಗಳು. ನಮ್ಮ ನೆರೆಯ ಮಂಗಳೂರಿನಲ್ಲಿ ಕಟ್ಟಡಗಳ ಕೆಲಸ ಹೆಚ್ಚಿದ 1990ರ ದಶಕದಲ್ಲಿ ಮಲೇರಿಯಾ ಮರಳಿ ಬಂದುದನ್ನು ಓದುಗರು ಮರೆತಿರಲಾರರು.

2030ರೊಳಗೆ ಮಲೇರಿಯಾವನ್ನು ನಿರ್ಮೂಲನ ಮಾಡುವುದು ದೇಶದ ಗುರಿ. ಗುರಿ ಹತ್ತಿರವಾದಷ್ಟೂ ಎಚ್ಚರ ಹೆಚ್ಚಬೇಕು. ಬೆಟ್ಟದೂರಿನಿಂದ ದುಡಿಮೆಗೆ ಹೊರಗೆ ಹೋಗಿ ಬಂದವರಿಗೆ ಚಳಿಜ್ವರ ಕಾಣಿಸಿದರೆ ಅಂದೇ ರಕ್ತಪರೀಕ್ಷೆ ಆಗತಕ್ಕದ್ದು. ಹಿಂದೆ ಬಂದಿತ್ತೆಂಬುದು ನೆಪವಾಗಬಾರದು. ಗರ್ಭಿಣಿಯರ ವಿಷಯದಲ್ಲಂತೂ ತಡ ಸಲ್ಲದು. ವೈವಾಕ್ಸ್ ಜಾತಿಯ ರೋಗಾಣು ಯಕೃತ್ತಿನಲ್ಲಿ ಅಡಗಿದ್ದು ತಿಂಗಳುಗಳ ಮೇಲೆ ಮತ್ತೆ ಎದ್ದೀತು. ಆದುದರಿಂದ ಜ್ವರ ಬಿಟ್ಟಿತೆಂದು ಮಾತ್ರೆ ನಿಲ್ಲಿಸದೆ ವೈದ್ಯರು ಹೇಳಿದಷ್ಟು ದಿನ ಸೇವಿಸಬೇಕು.

ಇನ್ನೊಂದು ಮಾತು ನಮಗೂ ತಾಳವಾಡಿಗೂ ಸಮಾನ. ಅಲ್ಲಿ ಆಡಳಿತದ ಭಾಷೆ ತಮಿಳು, ಇಲ್ಲಿ ಮಲಯಾಳ. ಕನ್ನಡ ಮಾತ್ರ ಓದಬಲ್ಲ ತಾಯಿಗೆ ಜ್ವರದ ಸೂಚನೆ ಕನ್ನಡದಲ್ಲಿಯೇ ತಲುಪಬೇಕು. ಇದು ಭಾಷಾಭಿಮಾನದ ಪ್ರಶ್ನೆಯಲ್ಲ, ಮಗುವಿನ ಜೀವದ ಪ್ರಶ್ನೆ. ಮೈ ಮರೆತುದನ್ನು ನೆನಪಿಡುವ ಹೊಣೆ ಸರಕಾರದ್ದೂ ಹೌದು, ಊರಿನದ್ದೂ ಹೌದು.