ಸಲಿಂಗ ವಿವಾಹ: ಕೋರ್ಟು ಹೇಳಿದ್ದೇನು, ಉಳಿದದ್ದೇನು?

ಮದುವೆಗೆ ಎರಡು ಮುಖಗಳಿವೆ. ಒಂದು ಚಪ್ಪರದ ಕೆಳಗೆ ನಡೆಯುವುದು, ಇನ್ನೊಂದು ಸಬ್ ರಿಜಿಸ್ಟ್ರಾರ್ ಕಚೇರಿಯ ಪುಸ್ತಕದಲ್ಲಿ ದಾಖಲಾಗುವುದು. ಚಪ್ಪರದ ಮದುವೆ ಬದಲಾಗಬಲ್ಲದು ಎಂಬುದನ್ನು ಚಿಕ್ಕಮಗಳೂರು ಜಿಲ್ಲೆಯವರಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಅವರು ಪುರೋಹಿತರಿಲ್ಲದ, ವರದಕ್ಷಿಣೆಯಿಲ್ಲದ ‘ಮಂತ್ರ ಮಾಂಗಲ್ಯ’ವನ್ನು ರೂಪಿಸಿದರು. 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆ ನಡೆದದ್ದೂ ಹಾಗೆಯೇ. ಮಲ್ಲಂದೂರಿನಿಂದ ಕಳಸದವರೆಗೆ ಇಂದು ಆ ಹೆಸರು ಕೇಳದವರು ಕಡಿಮೆ.

ಈಚಿನ ವರ್ಷಗಳ ಸಲಿಂಗ ವಿವಾಹದ ಚರ್ಚೆ ಎರಡನೆಯ ಮುಖಕ್ಕೆ, ಅಂದರೆ ಕಾನೂನಿಗೆ ಸೇರಿದ್ದು. ಇಬ್ಬರು ಗಂಡಸರು ಅಥವಾ ಇಬ್ಬರು ಹೆಂಗಸರು ದಂಪತಿಯೆಂದು ತಮ್ಮ ಹೆಸರು ದಾಖಲಿಸಬಹುದೇ ಎಂಬುದು ಪ್ರಶ್ನೆ. ಮಕ್ಕಳು ಇದನ್ನು ಟಿವಿಯಲ್ಲಿ, ಮೊಬೈಲಿನಲ್ಲಿ ನೋಡಿ ಮನೆಯಲ್ಲಿ ಕೇಳುತ್ತಾರೆ. ದೊಡ್ಡವರು ಮಾತು ಮರೆಸುತ್ತಾರೆ. ಮರೆಸುವ ಬದಲು ವಿಷಯ ತಿಳಿದು ಮಾತಾಡುವುದು ಮೇಲು.

ಪ್ರಕರಣ ಬೆಳೆದ ಬಗೆ

1860ರಲ್ಲಿ ಬ್ರಿಟಿಷರು ತಂದ ಭಾರತೀಯ ದಂಡ ಸಂಹಿತೆಯ 377ನೇ ಕಲಂ ‘ಪ್ರಕೃತಿಯ ನಿಯಮಕ್ಕೆ ವಿರುದ್ಧ’ವಾದ ಸಂಬಂಧವನ್ನು ಅಪರಾಧವೆಂದಿತ್ತು. ಅದರ ಬುಡ ಅಲುಗಿದ್ದಕ್ಕೆ ಕನ್ನಡ ನಾಡಿನ ನಂಟಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ವಿಷಯವಾಗಿ ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದರು. ಮರುವರ್ಷ ಸೆಪ್ಟೆಂಬರ್ 6ರಂದು ಐವರ ಪೀಠ, ವಯಸ್ಕರು ಒಪ್ಪಿ ಖಾಸಗಿಯಾಗಿ ಇಟ್ಟುಕೊಂಡ ಸಂಬಂಧ ಅಪರಾಧವಲ್ಲ ಎಂದು ತೀರ್ಪಿತ್ತಿತು.

ಅಪರಾಧವಲ್ಲ ಎಂದಾದ ಮೇಲೆ ಮದುವೆಯ ಪ್ರಶ್ನೆ ಎದ್ದಿತು. ಹೈದರಾಬಾದಿನ ಸುಪ್ರಿಯೊ ಚಕ್ರವರ್ತಿ ಮತ್ತು ಅಭಯ್ ಡಾಂಗ್ 2022ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಬೆಂಗಳೂರಿನ ಅಕ್ಕಯ್ ಪದ್ಮಶಾಲಿ ಅವರೂ ಅರ್ಜಿದಾರರಲ್ಲಿ ಒಬ್ಬರು. ಧರ್ಮ, ಜಾತಿ ಮೀರಿ ಮದುವೆಯಾಗುವವರಿಗೆಂದು 1954ರಲ್ಲಿ ಮಾಡಿದ ವಿಶೇಷ ವಿವಾಹ ಕಾಯ್ದೆಯಲ್ಲಿ ‘ಗಂಡು’, ‘ಹೆಣ್ಣು’ ಎಂದಿರುವಲ್ಲಿ ‘ವ್ಯಕ್ತಿ’ ಎಂದು ಓದಿಕೊಳ್ಳಬೇಕು, ಸಮಾನತೆಯ ಹಕ್ಕು ತಮಗೂ ಇದೆ ಎಂಬುದು ಅವರ ವಾದ.

ಕೇಂದ್ರ ಸರ್ಕಾರ ಒಪ್ಪಲಿಲ್ಲ. ಮದುವೆ ಎಂದರೆ ಗಂಡು ಹೆಣ್ಣಿನ ನಡುವಿನದು, ಅದನ್ನು ಬದಲಿಸಬೇಕಾದರೆ ಸಂಸತ್ತು ಬದಲಿಸಬೇಕು, ಒಂದು ಪದ ತಿದ್ದಿದರೆ ಹತ್ತಾರು ಕಾನೂನುಗಳು ಅಲುಗಾಡುತ್ತವೆ ಎಂದಿತು. ಈ ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ಅದೇ ಕಾಯ್ದೆಯಲ್ಲಿ ವಿಚ್ಛೇದನದ ನಂತರ ಜೀವನಾಂಶ ಕೇಳುವ ಹಕ್ಕು ಹೆಂಡತಿಗಿದೆ. ಇಬ್ಬರೂ ಗಂಡಸರಾದರೆ ಕೇಳುವವರು ಯಾರು, ಕೊಡುವವರು ಯಾರು? ಹೊಸ ನಿಯಮ ಬರೆಯಲೇಬೇಕಾಗುತ್ತದೆ.

ಹತ್ತು ದಿನ ವಾದ ಕೇಳಿದ ಐವರ ಪೀಠ 2023ರ ಅಕ್ಟೋಬರ್ 17ರಂದು ತೀರ್ಪು ಕೊಟ್ಟಿತು. ಮದುವೆ ಮೂಲಭೂತ ಹಕ್ಕಲ್ಲ, ಕಾಯ್ದೆಯನ್ನು ಕೋರ್ಟು ತಿದ್ದಿ ಬರೆಯಲಾಗದು ಎಂಬಲ್ಲಿ ಐವರೂ ಒಂದೇ. ಆದರೆ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಮತ್ತು ಎಸ್.ಕೆ. ಕೌಲ್, ಮದುವೆಯಲ್ಲದಿದ್ದರೂ ಇಂಥವರ ಕೂಡುಬಾಳನ್ನು ಸರ್ಕಾರ ಮಾನ್ಯ ಮಾಡಬೇಕು, ಜೊತೆಯಾಗಿ ದತ್ತು ಪಡೆಯಲು ಬಿಡಬೇಕು ಎಂದರು. ಮೈಸೂರಿನಲ್ಲಿ ಹುಟ್ಟಿದ ಎಸ್. ರವೀಂದ್ರ ಭಟ್, ಹಿಮಾ ಕೊಹ್ಲಿ ಮತ್ತು ಪಿ.ಎಸ್. ನರಸಿಂಹ ಒಪ್ಪಲಿಲ್ಲ. ಹೀಗೆ ಮೂರಕ್ಕೆ ಎರಡರಿಂದ ಅರ್ಜಿ ಬಿದ್ದುಹೋಯಿತು. ಮರುಪರಿಶೀಲನಾ ಅರ್ಜಿಗಳೂ 2025ರ ಜನವರಿಯಲ್ಲಿ ವಜಾ ಆದವು.

ಕಾಗದದ ಬೆಲೆ

ಜೊತೆಗಿರುವುದು ಅಪರಾಧವಲ್ಲವೆಂದ ಮೇಲೆ ಕಾಗದವೇಕೆ ಎಂದು ಕೇಳುವವರಿದ್ದಾರೆ. ಒಂದು ಉದಾಹರಣೆ ಊಹಿಸಿಕೊಳ್ಳಿ. ಇಬ್ಬರು ಹೆಂಗಸರು ಮೂವತ್ತು ವರ್ಷ ಒಂದೇ ಮನೆಯಲ್ಲಿ ಬಾಳಿ, ಎರಡು ಎಕರೆ ಕಾಫಿ ತೋಟ ಮಾಡಿದ್ದಾರೆ. ಪಹಣಿ ಒಬ್ಬಳ ಹೆಸರಿನಲ್ಲಿದೆ. ಆಕೆ ಉಯಿಲು ಬರೆಯದೆ ತೀರಿಕೊಂಡರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ತೋಟ ರಕ್ತಸಂಬಂಧಿಗಳ ಪಾಲು. ಆಕೆಯ ಜೊತೆ ಗಿಡ ನೆಟ್ಟು, ಹಣ್ಣು ಕುಯ್ದವಳಿಗೆ ಏನೂ ಇಲ್ಲ. ಉಯಿಲು ಬರೆದರೆ ಜಮೀನಿನ ಕಥೆ ಸರಿಹೋದೀತು. ಸರ್ಕಾರಿ ನೌಕರರ ಕುಟುಂಬ ಪಿಂಚಣಿಯನ್ನು ಉಯಿಲಿನಲ್ಲಿ ಬರೆದುಕೊಡಲಾಗದು.

ಕೆಲವು ತೊಡಕುಗಳು ತುಸು ಸಡಿಲವಾಗಿವೆ. ಕೇಂದ್ರ ಸಂಪುಟ ಕಾರ್ಯದರ್ಶಿಯ ಅಧ್ಯಕ್ಷತೆಯಲ್ಲಿ 2024ರ ಏಪ್ರಿಲ್‌ನಲ್ಲಿ ಸಮಿತಿ ರಚನೆಯಾಯಿತು. ಅದೇ ವರ್ಷ, ಇಂಥ ಜೋಡಿಗಳನ್ನು ರೇಷನ್ ಕಾರ್ಡಿಗೆ ಒಂದೇ ಮನೆಯವರೆಂದು ಪರಿಗಣಿಸಬೇಕು, ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು ಅಡ್ಡಿಯಿಲ್ಲ, ಹತ್ತಿರದ ಸಂಬಂಧಿಕರು ಸಿಗದಿದ್ದಾಗ ಸಂಗಾತಿ ಶವ ಪಡೆಯಬಹುದು ಎಂದು ಸರ್ಕಾರ ತಿಳಿಸಿತು. ಹೊರದೇಶಗಳಲ್ಲಿ ನೆದರ್ಲೆಂಡ್ಸ್ 2001ರಲ್ಲಿ, ತೈವಾನ್ 2019ರಲ್ಲಿ, ಥಾಯ್ಲೆಂಡ್ 2025ರಲ್ಲಿ ಮದುವೆಗೇ ಅವಕಾಶ ಕೊಟ್ಟಿವೆ.

ಪ್ರಕೃತಿ ಎಂಬ ಮಾತು

ಈ ಚರ್ಚೆಯಲ್ಲಿ ಹೆಚ್ಚು ಸವೆದ ಮಾತು ‘ಪ್ರಕೃತಿಗೆ ವಿರುದ್ಧ’. ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಎಚ್ಚರ ವಹಿಸಬೇಕು. ಅರೇಬಿಕಾ ಹೂವು ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ, ರೊಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕೇ ಬೇಕು. ಒಂದೇ ತೋಟದಲ್ಲಿ ಎರಡು ಬಗೆ. ಪ್ರಕೃತಿ ಒಂದೇ ಅಚ್ಚಿನಲ್ಲಿ ಕೆಲಸ ಮಾಡುವುದಿಲ್ಲ. 4 ಲಕ್ಷ 70 ಸಾವಿರಕ್ಕೂ ಹೆಚ್ಚು ಜನರ ವಂಶವಾಹಿಗಳನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಲಿಂಗ ಒಲವನ್ನು ನಿರ್ಧರಿಸುವ ಒಂದೇ ಒಂದು ಜೀನ್ ಸಿಗಲಿಲ್ಲ. ಹಲವು ಜೀನ್‌ಗಳ ಸಣ್ಣ ಸಣ್ಣ ಪ್ರಭಾವ ಇದೆ, ಅದರಿಂದ ಯಾರ ಒಲವನ್ನೂ ಮೊದಲೇ ಹೇಳಲಾಗದು ಎಂದು ತಿಳಿಯಿತು. ಹಾಗೆಂದು ಮದುವೆಯ ಕಾನೂನು ಹೇಗಿರಬೇಕೆಂದು ಸೂಕ್ಷ್ಮದರ್ಶಕ ಹೇಳಲಾರದು. ಅದನ್ನು ಜನರೇ ಯೋಚಿಸಿ ತೀರ್ಮಾನಿಸಬೇಕು.

ವಿಜ್ಞಾನ ಖಚಿತವಾಗಿ ಹೇಳಿರುವುದು ಒಂದುಂಟು: ಇದು ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಇದನ್ನು ರೋಗಗಳ ಪಟ್ಟಿಯಿಂದ ಕೈಬಿಟ್ಟಿತು. ‘ಸರಿಮಾಡುತ್ತೇವೆ’ ಎಂದು ಚಿಕಿತ್ಸೆ ಕೊಡುವುದು ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಸಾರಿದೆ. ಹರಕೆ, ಬರೆ, ಬಲವಂತದ ಮದುವೆ ಯಾವುದೂ ಮದ್ದಲ್ಲ. ಬಲವಂತದ ಮದುವೆಯಲ್ಲಿ ಏನೂ ಅರಿಯದ ಇನ್ನೊಂದು ಮನೆಯ ಮಗುವಿನ ಬಾಳೂ ಹಾಳಾಗುತ್ತದೆ.

ತಂದೆತಾಯಂದಿರು ಸಲಿಂಗ ವಿವಾಹದ ಪರವಾಗಿರಬಹುದು, ವಿರೋಧವಾಗಿರಬಹುದು. ಅದು ಅವರವರ ಅಭಿಪ್ರಾಯ. ಆದರೆ ಟಿವಿ ಮುಂದೆ ಕೂತು ಇಂಥವರನ್ನು ಗೇಲಿ ಮಾಡುವಾಗ, ಆ ಮಾತು ಯಾರ ಎದೆಗೆ ನಾಟುತ್ತಿದೆ ಎಂಬುದು ಹೇಳುವವರಿಗೆ ಗೊತ್ತಿರುವುದಿಲ್ಲ. ಪಕ್ಕದಲ್ಲಿ ಕೂತ ಮಗನೋ ಮಗಳೋ ಅಂದಿನಿಂದ ಬಾಯಿ ಮುಚ್ಚಿಕೊಳ್ಳಬಹುದು. ಹೀಗೆ ಒಳಗೇ ಬೇಯುವ ಬದುಕು ಎಂಥದೆಂದು ತಿಳಿಯಲು ವಸುಧೇಂದ್ರ ಅವರ ‘ಮೋಹನಸ್ವಾಮಿ’ ಕಥಾಸಂಕಲನವನ್ನು ಹಿರಿಯರು ಓದಬಹುದು. ಮನಸ್ಸು ಕುಗ್ಗಿದವರು 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಕೋರ್ಟು ಚೆಂಡನ್ನು ಸಂಸತ್ತಿನ ಅಂಗಳಕ್ಕೆ ಕಳಿಸಿದೆ. ಸಂಸತ್ತನ್ನು ಆರಿಸುವವರಲ್ಲಿ ಇಂದು ಹತ್ತನೇ ತರಗತಿಯಲ್ಲಿ ಕೂತವರೂ ಕೆಲವೇ ವರ್ಷಗಳಲ್ಲಿ ಸೇರುತ್ತಾರೆ. ಅವರು ಯಾವ ಕಡೆ ನಿಂತರೂ, ಎರಡೂ ಕಡೆಯ ವಾದ ತಿಳಿದು ನಿಲ್ಲಲಿ.